ನಾನು ನೋಡಿದ್ದು ಬರೀ ವಿಡಿಯೊ, ಮೇಡಂ

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯ ಸಂವಹನ ವಿಭಾಗದಲ್ಲಿ ಆರು ವರ್ಷಗಳಿಂದ ಇದ್ದೇನೆ. ಸ್ಥಳಕ್ಕೆ ಹೋದವರು ಕಳಿಸುವ ಫೋಟೊ, ವಿಡಿಯೊ ಸಂಕಲಿಸಿ ದೇಣಿಗೆಯ ಮನವಿ ಬರೆಯುವುದು ನನ್ನ ಕೆಲಸ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ ಹತ್ತು ದಿನ ಬೇರೇನೂ ಮಾಡಲಿಲ್ಲ. ಒಂದು ವಿಡಿಯೊದಲ್ಲಿ ತಾಯಿಯೊಬ್ಬರು ಮಾತನಾಡುತ್ತಲೇ ಶಿಬಿರದಲ್ಲಿ ಕೊಟ್ಟ ಟವೆಲಿನ ಅಂಚನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಉಪಶೀರ್ಷಿಕೆ ಹೊಂದಿಸಲು ಆ ನಲವತ್ತು ಸೆಕೆಂಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಈಗಲೂ ಬಟ್ಟೆ ಮಡಚುವಾಗ ಆ ಬೆರಳು ಕಣ್ಣ ಮುಂದೆ ಬರುತ್ತದೆ. ಮಳೆ ಜೋರಾದ ರಾತ್ರಿ ನಿದ್ದೆಯಿಲ್ಲ. ಕೆಸರಿನಲ್ಲಿ ನಿಂತು ಬಂದ ಸಹೋದ್ಯೋಗಿಗಳ ಮುಂದೆ ಇದನ್ನು ಹೇಳಿಕೊಳ್ಳಲು ನಾಚಿಕೆ. ಬೇರೆ ಬೇರೆ ಸಂಸ್ಥೆಗಳ ನಾವು ಐವರು ಗುರುವಾರ ಸಂಜೆ ಸೇರಿ ಮಾತನಾಡೋಣ ಎಂದುಕೊಂಡಿದ್ದೇವೆ. ಉಪಯೋಗವಿದೆಯೇ?

ಉತ್ತರ (ಆಪ್ತಸಮಾಲೋಚಕಿ): ಮೊದಲು ಆ ನಾಚಿಕೆಯ ಮಾತು. ಅಮೆರಿಕದ ಮನೋವೈದ್ಯಕೀಯ ಸಂಘದ 2013ರ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣಗಳಿವೆ. ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿದ ದೃಶ್ಯಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದ್ಯೋಗದ ಭಾಗವಾಗಿ ಮತ್ತೆ ಮತ್ತೆ ನೋಡಬೇಕಾಗಿ ಬಂದಿದ್ದರೆ ಹಿಡಿಯುತ್ತದೆ. ನಿಮಗೆ ಆ ಕಾಯಿಲೆ ಇದೆಯೆಂದು ಇಲ್ಲಿಂದಲೇ ನಾನು ಹೇಳಲಾರೆ. ಆದರೆ ಸ್ಥಳಕ್ಕೆ ಹೋದವರು ಆ ತಾಯಿಯ ಮಾತನ್ನು ಒಮ್ಮೆ ಕೇಳಿದರು, ನೀವು ಲೆಕ್ಕ ತಪ್ಪುವಷ್ಟು ಸಲ ಕೇಳಿದಿರಿ. ಅವರಿಗೆ ಮೂಟೆ ಹೊರುವ ಕೆಲಸವಾದರೂ ಇತ್ತು. ನಿಮಗಿದ್ದದ್ದು ಕುರ್ಚಿ ಮತ್ತು ಹೆಡ್‌ಫೋನ್.

ಗುರುವಾರದ ಕೂಟವನ್ನು ಖಂಡಿತ ಶುರು ಮಾಡಿ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ: ನೋಡಿದ ದೃಶ್ಯವನ್ನು ಇಂಚಿಂಚಾಗಿ ವರ್ಣಿಸಬೇಡಿ. ವರ್ಣಿಸಿದರೆ ನಿಮ್ಮ ತಲೆಯಲ್ಲಿದ್ದದ್ದು ಉಳಿದ ನಾಲ್ವರ ತಲೆಗೂ ಹೋಗುತ್ತದೆ. ನಿಮಗೆ ಏನಾಯಿತು, ಮೈ ಹೇಗಿತ್ತು, ಮನೆಗೆ ಹೋಗಿ ಯಾರ ಮೇಲೆ ರೇಗಿದಿರಿ, ಅದನ್ನು ಹೇಳಿ. ವಿವರ ಹೇಳಲೇಬೇಕೆನಿಸಿದರೆ ಮೊದಲು ಕೇಳಿ, ಒಪ್ಪಿದ ಮೇಲೆ ಹೇಳಿ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು.

ಕೆಲಸದ ರೀತಿಯೂ ಬದಲಾಗಲಿ. ಮೊದಲ ಸಲ ಧ್ವನಿ ಆರಿಸಿ, ಚಿಕ್ಕ ಕಿಟಕಿಯಲ್ಲಿ ನೋಡಿ; ಅಳು, ಕೂಗು ಚಿತ್ರಕ್ಕಿಂತ ಆಳಕ್ಕೆ ಇಳಿಯುವುದನ್ನು ಅನೇಕರಲ್ಲಿ ಕಂಡಿದ್ದೇನೆ. ಕಳಿಸುವವರು ಕಡತದ ಹೆಸರಿನಲ್ಲೇ ಒಳಗೇನಿದೆ ಎಂದು ಬರೆಯಲಿ. ಕಷ್ಟದ ಕಡತಗಳು ಒಬ್ಬರ ಪಾಲಿಗೇ ಬರದಂತೆ ಹಂಚಿಕೊಳ್ಳಲು ಕಚೇರಿಯನ್ನು ಕೇಳಿ. ಇದು ನಿಮ್ಮ ಹಕ್ಕು.

ಇಷ್ಟು ದಿನವಾದರೂ ನಿದ್ದೆ ಸರಿಯಾಗದಿರುವುದರಿಂದ ಕೂಟವನ್ನಷ್ಟೇ ನಂಬಿ ಕೂರಬೇಡಿ, ತಜ್ಞರನ್ನು ಕಾಣಿ. ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ತಡರಾತ್ರಿ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಇನ್ನೊಬ್ಬ ಸದಸ್ಯರು: ನಾನೂ ಇದೇ ಕೆಲಸದವನು. ನನ್ನನ್ನು ಕಾಡುವುದು ಬೇರೆ. ಅಳುವ ಮುಖ ಹಾಕಿದರೆ ಹಣ ಬರುತ್ತದೆ, ಗೊತ್ತಿದ್ದೇ ಹಾಕುತ್ತೇನೆ.

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಭಯವಲ್ಲ, ಮನಸ್ಸಾಕ್ಷಿಯ ನೋವು. ಉಸಿರಾಟದ ವ್ಯಾಯಾಮದಿಂದ ಅದು ಹೋಗುವುದಿಲ್ಲ. ಪ್ರಕಟಿಸುವ ಮುನ್ನ ಆ ವ್ಯಕ್ತಿಗೆ ಅವರದೇ ಭಾಷೆಯಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದು, ಬೇಡವೆಂದರೆ ತೆಗೆಯುವುದು ಸಂಸ್ಥೆಯ ನಿಯಮವಾಗಬೇಕು. ಒಬ್ಬರೇ ಕೇಳಿದರೆ ಹಠಮಾರಿ ಎನಿಸಿಕೊಳ್ಳುತ್ತೀರಿ. ಕೂಟದಲ್ಲಿ ಒಟ್ಟಿಗೆ ಬರೆದು ಅವರವರ ಕಚೇರಿಗೆ ಕೊಡಿ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಆ ವಿಡಿಯೊ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಇವತ್ತು ಕಚೇರಿಯ ಸಂಗ್ರಹಕ್ಕೆ ಸಾಗಿಸಿದೆ. ಇನ್ನೊಂದು ಸಂದೇಹ: ನಮ್ಮಲ್ಲಿ ಒಬ್ಬರು ವಿಭಾಗದ ಮುಖ್ಯಸ್ಥೆ. ಅವರು ಇರಬಹುದೇ?

ಉತ್ತರ: ಅವರ ಕೈಕೆಳಗೆ ದುಡಿಯುವವರು ಕೂಟದಲ್ಲಿ ಇಲ್ಲದಿದ್ದರೆ ಧಾರಾಳವಾಗಿ ಇರಲಿ. ಮುಖ್ಯಸ್ಥರಿಗೆ ಕಚೇರಿಯಲ್ಲಿ ಹೇಳಿಕೊಳ್ಳಲು ಎಷ್ಟೋ ಸಲ ಯಾರೂ ಇರುವುದಿಲ್ಲ.