18 ಕೆ.ಜಿ.ಯ ಇ-ಮೌಂಟನ್ ಬೈಕ್: ಇನ್ನೂ ತೂಕ ಇಳಿಸಬೇಕಾ?

ಏರುದಾರಿ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಹಗುರ ಜಾತಿಯ ಇ-ಮೌಂಟನ್ ಬೈಕ್, ಅಂದರೆ ತುಳಿಯುವಾಗ ಮೋಟಾರು ಸಹಾಯ ಮಾಡುವ ಗುಡ್ಡಗಾಡು ಸೈಕಲ್, ತಗೊಂಡೆ. ಮೋಟಾರಿನ ತಿರುಚು ಬಲ (ಟಾರ್ಕ್) 50 ನ್ಯೂಟನ್ ಮೀಟರ್, ಬ್ಯಾಟರಿ 360 ವ್ಯಾಟ್ ಅವರ್. ಪೆಡಲ್ ಸಮೇತ ತೂಗಿದರೆ 18.4 ಕೆ.ಜಿ. ನನ್ನ ತೂಕ 72. ಗಾಡಿ ಓಡಿಸೋಕೆ ತುಂಬಾ ಖುಷಿ ಇದೆ. ಬೇಜಾರು ಒಂದೇ. ದೊಡ್ಡ ಏರು ಎರಡು ಹತ್ತುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತದೆ.

ಅದಕ್ಕೆ ಒಂದು ಕೆ.ಜಿ. ಇಳಿಸೋಣ ಅಂದುಕೊಂಡಿದ್ದೇನೆ. ಕಾರ್ಬನ್ ರಿಮ್ ಹಾಕಿದರೆ 300 ಗ್ರಾಂ ಹೋಗುತ್ತದೆ. ತೆಳು ಟೈರ್ ಎರಡೂ ಸೇರಿ 500 ಗ್ರಾಂ. ಬ್ರೇಕ್ ಡಿಸ್ಕ್ 203 ಮಿ.ಮೀ. ತೆಗೆದು 180 ಹಾಕಿದರೆ ಸ್ವಲ್ಪ. ಉಳಿದದ್ದು ಕಾರ್ಬನ್ ಹ್ಯಾಂಡಲ್‌ಬಾರ್, ಟೈಟಾನಿಯಂ ಬೋಲ್ಟ್. ಯಾವುದನ್ನು ಮೊದಲು ಮಾಡಲಿ?

ಲೆಕ್ಕದಮೇಷ್ಟ್ರು:
ಬೋಲ್ಟ್ ಕೊಳ್ಳುವ ಮುಂಚೆ ಒಂದು ಲೆಕ್ಕ ನೋಡಿ. ನೀವು 72, ಗಾಡಿ 18, ಒಟ್ಟು 90 ಕೆ.ಜಿ. ಇದನ್ನು 1000 ಮೀಟರ್ ಎತ್ತರಕ್ಕೆ ಏರಿಸೋಕೆ 90 × 9.81 × 1000, ಅಂದರೆ 8,82,900 ಜೂಲ್ ಬೇಕು. ಒಂದು ವ್ಯಾಟ್ ಅವರ್‌ಗೆ 3600 ಜೂಲ್. ಭಾಗಿಸಿದರೆ 245 ವ್ಯಾಟ್ ಅವರ್. ಇದು ಬರೀ ಎತ್ತರಕ್ಕೆ ಬೇಕಾದದ್ದು. ಟೈರಿನ ಎಳೆತ, ಮೋಟಾರು ಬಿಸಿಯಾಗಿ ಹೋಗುವ ನಷ್ಟ ಬೇರೆ.

ಈಗ ಒಂದು ಕೆ.ಜಿ. ಇಳಿಸಿ. ಅದೇ 1000 ಮೀಟರಿಗೆ ಉಳಿಯೋದು 2.7 ವ್ಯಾಟ್ ಅವರ್. 360ರಲ್ಲಿ ಶೇ. 1 ಕೂಡ ಆಗಲಿಲ್ಲ. ಅದೇ ನೀವು ಒಂದು ಗಂಟೆ ಹತ್ತುವಾಗ ಕಾಲಿಂದ 30 ವ್ಯಾಟ್ ಜಾಸ್ತಿ ತುಳಿದರೆ 30 ವ್ಯಾಟ್ ಅವರ್ ಸಿಗುತ್ತದೆ. ಹನ್ನೊಂದು ಕೆ.ಜಿ. ಇಳಿಸಿದಷ್ಟು! ಬ್ಯಾಟರಿ ಜಾಸ್ತಿ ಹೊತ್ತು ಬರಲಿ ಅನ್ನೋದೇ ಉದ್ದೇಶವಾದರೆ ಗ್ರಾಂ ಲೆಕ್ಕ ಹಾಕೋದು ದಾರಿಯಲ್ಲ.

ಹಗುರಗಾಲಿ:
ಮೇಷ್ಟ್ರೇ, ಲೆಕ್ಕ ಸರಿ ಇದೆ. ಆದರೆ ತೂಕ ಇಳಿಸೋದು ಬ್ಯಾಟರಿಗೋಸ್ಕರ ಮಾತ್ರ ಅಲ್ಲ ಅಲ್ವಾ? ಈ ಜಾತಿಯ ಗಾಡಿ ಹುಟ್ಟಿದ್ದೇ ತೂಕದ ಕಾರಣಕ್ಕೆ. 2020ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಲೀವೋ ಎಸ್‌ಎಲ್ ಬಂದಾಗ ಅದರ ಮೋಟಾರು 35 ನ್ಯೂಟನ್ ಮೀಟರ್, ಬ್ಯಾಟರಿ 320 ವ್ಯಾಟ್ ಅವರ್. ಅದೇ ಕಂಪನಿಯ ದೊಡ್ಡ ಲೀವೋದಲ್ಲಿ 90 ನ್ಯೂಟನ್ ಮೀಟರ್ ಇತ್ತು. ಆದರೂ ಜನ ಚಿಕ್ಕದನ್ನು ಬಯಸಿ ಕೊಂಡರು. ಯಾಕೆ? ಗಾಡಿ ಕೈ ಹೇಳಿದ ಹಾಗೆ ಕೇಳುತ್ತದೆ, ಅದಕ್ಕೆ.

ನಾನು ಮೊದಲು 24 ಕೆ.ಜಿ. ಗಾಡಿ ಓಡಿಸುತ್ತಿದ್ದೆ. ದಾರಿಗೆ ಮರ ಬಿದ್ದಿದ್ದರೆ ಎತ್ತಿ ದಾಟಿಸೋಕೆ ಇನ್ನೊಬ್ಬರು ಬೇಕಿತ್ತು. ಈಗಿನದು 17.6. ಒಬ್ಬಳೇ ಹೆಗಲಿಗೆ ಹಾಕಿ ದಾಟುತ್ತೇನೆ. ಮುಂಗಾಲಿ ಎತ್ತಿ ಬೇರು ಹಾರಿಸುವಾಗ ಪ್ರತಿ ನೂರು ಗ್ರಾಂ ಗೊತ್ತಾಗುತ್ತದೆ. ಅದರಲ್ಲೂ ರಿಮ್ಮು, ಟೈರಿನ ತೂಕ. ತಿರುಗುವ ಅಂಚಿನಲ್ಲಿರುವ ಒಂದು ಗ್ರಾಂ ವೇಗ ಹೆಚ್ಚಿಸುವಾಗ ಹತ್ತಿರ ಹತ್ತಿರ ಎರಡು ಗ್ರಾಂ ಲೆಕ್ಕ. ಗಾಲಿ ಹಗುರ ಇದ್ದರೆ ಶಾಕ್ (ಏಟು ಹೀರುವ ಭಾಗ) ಕೂಡ ನೆಲವನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಏರುದಾರಿ ಅವರೇ, ಗಾಲಿಯಿಂದಲೇ ಶುರು ಮಾಡಿ.

ಸ್ಪ್ಯಾನರ್‌ಕೈ:
ಅಕ್ಕ, ಗಾಲಿ ಹಗುರ ಇದ್ದರೆ ಒಳ್ಳೆಯದು, ಒಪ್ಪಿದೆ. ರಿಮ್ ಬದಲಾಯಿಸೋಕೆ ನನ್ನ ತಕರಾರಿಲ್ಲ. ಆದರೆ ಅವರು ಬರೆದ ಪಟ್ಟಿಯಲ್ಲಿ ಎರಡು ವಿಷಯ ಓದಿ ನನಗೆ ನಿಜವಾಗಿ ಕಳವಳ ಆಯಿತು. ತೆಳು ಟೈರು, ಚಿಕ್ಕ ಡಿಸ್ಕು.

ಹದಿನೈದು ವರ್ಷದಿಂದ ಸೈಕಲ್ ರಿಪೇರಿ ಮಾಡ್ತಿದ್ದೇನೆ. ಹೋದ ತಿಂಗಳು ಒಬ್ಬ ಹುಡುಗ ಇಂಥದ್ದೇ ಗಾಡಿ ತಳ್ಳಿಕೊಂಡು ಬಂದ. ಹಿಂದಿನ ಟೈರಿನ ಪಕ್ಕದ ಗೋಡೆ ಹೆಬ್ಬೆರಳು ತೂರುವಷ್ಟು ಸೀಳಿತ್ತು. ತೂತು ಮುಚ್ಚೋಕೆ ಟೈರಿನೊಳಗೆ ಹಾಕುವ ಸೀಲೆಂಟ್ ದ್ರವ ಎಲ್ಲಾ ಚಿಮ್ಮಿ ಫ್ರೇಮಿನ ಮೇಲೆ ಒಣಗಿ ಅಂಟಿತ್ತು. ಟೈರು ಹಾರಿದ ಮೇಲೆ ರಿಮ್ಮಿನ ಅಂಚು ಕಲ್ಲಿಗೆ ಬಡಿದು ಒಳಗೆ ಮಡಚಿತ್ತು. 250 ಗ್ರಾಂ ಉಳಿಸೋಕೆ ಹೋಗಿ ಟೈರು, ರಿಮ್ಮು ಎರಡೂ ಹೋದವು. ಅವನದು ಕಾರ್ಬನ್ ರಿಮ್ ಆಗಿದ್ದಿದ್ದರೆ ಮಡಚುವ ಬದಲು ಒಡೆಯುತ್ತಿತ್ತು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಮೋಟಾರು ಇಲ್ಲದ ಸೈಕಲ್ಲಿನಲ್ಲಿ ದಿನಕ್ಕೆ ಎರಡು ಸಲ ಇಳಿಯುವವರು ಇದರಲ್ಲಿ ನಾಲ್ಕು ಸಲ ಇಳಿಯುತ್ತಾರೆ. ಕಲ್ಲಿನ ಏಟು ಅಷ್ಟೇ ಜಾಸ್ತಿ, ಬ್ರೇಕಿನ ಬಿಸಿ ಅಷ್ಟೇ ಜಾಸ್ತಿ. ಗಾಡಿ ಹಗುರ ಅಂತ ಹೆಸರು ಇರಬಹುದು. ಆದರೆ ಮಾಮೂಲಿ ಮೌಂಟನ್ ಬೈಕಿಗಿಂತ 3-4 ಕೆ.ಜಿ. ಜಾಸ್ತಿಯೇ ಇದೆ.

ಡಿಸ್ಕಿನ ವಿಷಯ: 180ರಿಂದ 203ಕ್ಕೆ ಹೋದರೆ ಅದೇ ಬೆರಳಿನ ಒತ್ತಡಕ್ಕೆ ಸುಮಾರು ಶೇ. 13 ಜಾಸ್ತಿ ಹಿಡಿತ ಸಿಗುತ್ತದೆ. ಬಿಸಿ ಹರಡೋಕೆ ಜಾಗ ಜಾಸ್ತಿ. ನೀವು ಇರೋದನ್ನು ತೆಗೆದು ಚಿಕ್ಕದು ಹಾಕೋಕೆ ಹೊರಟಿದ್ದೀರಿ. ದಯವಿಟ್ಟು ಬೇಡ.

ಮಣ್ಣುಟೈರ್:
ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು. ಉದ್ದ ಇಳಿಜಾರಿನಲ್ಲಿ 180 ಡಿಸ್ಕಿನ ಗಾಡಿ ಓಡಿಸುತ್ತಿದ್ದೆ. ಕೆಳಗೆ ಬರುವಷ್ಟರಲ್ಲಿ ಲಿವರ್ ಹ್ಯಾಂಡಲ್‌ಬಾರಿಗೆ ಮುಟ್ಟುತ್ತಿತ್ತು. ಪ್ಯಾಡ್ ತೆಗೆದು ನೋಡಿದರೆ ಗಾಜಿನ ಹಾಗೆ ಹೊಳೆಯುತ್ತಿತ್ತು. 203 ಡಿಸ್ಕ್, ಲೋಹ ಬೆರೆತ ಪ್ಯಾಡ್ ಹಾಕಿಸಿದೆ. ಹೊಸ ಪ್ಯಾಡನ್ನು ಸುಮ್ನೆ ಹಾಕಿ ಹೊರಡಬೇಡಿ. ಸಮತಟ್ಟು ಜಾಗದಲ್ಲಿ ಇಪ್ಪತ್ತು ಸಲ ವೇಗ ತಗೊಂಡು ನಿಧಾನಕ್ಕೆ ಒತ್ತಿ, ಪೂರ್ತಿ ನಿಲ್ಲಿಸದೆ ಬಿಡಿ. ಆಮೇಲೆ ಕಚ್ಚುವ ಹಿಡಿತವೇ ಬೇರೆ. ಹಾಂ, ದೊಡ್ಡ ಡಿಸ್ಕ್ ಹಾಕುವ ಮುಂಚೆ ಫ್ರೇಮು, ಫೋರ್ಕು ಎಷ್ಟರವರೆಗೆ ತಡೆಯುತ್ತವೆ ಅಂತ ಕೈಪಿಡಿಯಲ್ಲಿ ನೋಡಿ.

ಹಗುರಗಾಲಿ:
ಡಿಸ್ಕಿನ ವಿಷಯದಲ್ಲಿ ಸೋತೆ. 203 ಇರಲಿ. ಆದರೆ ಟೈರಿನಲ್ಲಿ ಒಂದು ಮಾತು ಉಳಿದಿದೆ. ದಪ್ಪ ಟೈರು ಅಂತ ಹೋಗಿ ತುಂಬಾ ಮೆತ್ತನೆ ರಬ್ಬರಿನದ್ದು ಹಿಂದೆ ಹಾಕಿದರೆ ರಸ್ತೆಗೆ ಅಂಟಿಕೊಂಡ ಹಾಗೆ ಎಳೆಯುತ್ತದೆ. ಬ್ಯಾಟರಿ ತಿನ್ನೋದು ಟೈರಿನ ತೂಕ ಅಲ್ಲ, ಆ ಎಳೆತ.

ಸ್ಪ್ಯಾನರ್‌ಕೈ:
ನೂರಕ್ಕೆ ನೂರು ಸರಿ ಅಕ್ಕ. ಗೋಡೆ ದಪ್ಪ ಇರೋದು ಬೇರೆ, ರಬ್ಬರು ಮೆತ್ತಗಿರೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಜನ ಮೋಸ ಹೋಗುತ್ತಾರೆ. ಮ್ಯಾಕ್ಸಿಸ್ ಟೈರನ್ನೇ ತಗೊಳ್ಳಿ. ಎಕ್ಸೋ, ಎಕ್ಸೋ ಪ್ಲಸ್, ಡಬಲ್‌ಡೌನ್ ಅನ್ನೋದು ಗೋಡೆಯ ಬಲ. ಮ್ಯಾಕ್ಸ್‌ಟೆರಾ, ಮ್ಯಾಕ್ಸ್‌ಗ್ರಿಪ್ ಅನ್ನೋದು ರಬ್ಬರು. ನಾನು ಹಾಕಿಕೊಡೋದು ಹೀಗೆ: ಮುಂದೆ ಎಕ್ಸೋ ಪ್ಲಸ್ ಗೋಡೆ, ಮೆತ್ತನೆ ಮ್ಯಾಕ್ಸ್‌ಗ್ರಿಪ್. ಹಿಂದೆ ಡಬಲ್‌ಡೌನ್ ಗೋಡೆ, ಸ್ವಲ್ಪ ಗಟ್ಟಿ ಮ್ಯಾಕ್ಸ್‌ಟೆರಾ. ತಿರುವಿನಲ್ಲಿ ಜೀವ ಉಳಿಸೋದು ಮುಂದಿನ ಹಿಡಿತ. ಏಟು ತಿನ್ನೋದು ಹಿಂದಿನದು.

ಏರುದಾರಿ ಅವರೇ, ನಿಮ್ಮ ಟೈರಿನಲ್ಲಿ ಗಾಳಿ ಎಷ್ಟಿದೆ? ಹಿಂದಿನ ಶಾಕಿನ ಸ್ಯಾಗ್, ಅಂದರೆ ನೀವು ಕೂತಾಗ ಅದು ಕುಸಿಯುವ ಅಳತೆ, ಎಷ್ಟು? ಅದು ಗೊತ್ತಿಲ್ಲದೆ ಮುಂದಿನ ಮಾತು ಬೇಡ.

ಏರುದಾರಿ:
ಗಾಳಿ 32 ಪಿಎಸ್‌ಐ, ಎರಡಕ್ಕೂ. ಪಂಚರ್ ಆಗಬಾರದು ಅಂತ. ಶಾಕಿನಲ್ಲಿ ಅಂಗಡಿಯವರು ಹಾಕಿಕೊಟ್ಟದ್ದೇ ಇದೆ. ಅಳೆದಿಲ್ಲ.

ಸ್ಪ್ಯಾನರ್‌ಕೈ:
ನಿಮ್ಮ ಬ್ಯಾಟರಿ ಎಲ್ಲಿ ಹೋಗುತ್ತಿದೆ ಅಂತ ಅರ್ಧ ಗೊತ್ತಾಯಿತು. ಟ್ಯೂಬ್‌ಲೆಸ್ ತಾನೇ? 72 ಕೆ.ಜಿ.ಗೆ ಮುಂದೆ 21-22, ಹಿಂದೆ 24-25ರಿಂದ ಶುರು ಮಾಡಿ. 32ರಲ್ಲಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಏರಿನಲ್ಲಿ ಜಾರುತ್ತದೆ. ಗಾಲಿ ಸುಮ್ನೆ ತಿರುಗಿದ ಪ್ರತಿ ಸಲವೂ ಮೋಟಾರು ಕೊಟ್ಟ ಶಕ್ತಿ ಮಣ್ಣುಪಾಲು.

ಸ್ಯಾಗ್ ಅಳೆಯೋದು ಹೀಗೆ. ಹೆಲ್ಮೆಟ್, ನೀರು, ಬ್ಯಾಗ್, ಎಲ್ಲಾ ಹಾಕಿಕೊಂಡು ಗೋಡೆಗೆ ಮೊಣಕೈ ಕೊಟ್ಟು ಕೂತುಕೊಳ್ಳಿ. ಶಾಕಿನ ಕಡ್ಡಿಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಬುಡಕ್ಕೆ ತಳ್ಳಿ. ಶಾಕ್ ಕುಲುಕದ ಹಾಗೆ ಮೆಲ್ಲಗೆ ಇಳಿಯಿರಿ. ಉಂಗುರ ಎಷ್ಟು ಸರಿದಿದೆ ನೋಡಿ. ಶಾಕಿನ ಓಟ (ಪೂರ್ತಿ ಒತ್ತಿದರೆ ಒಳಹೋಗುವ ದೂರ) 55 ಮಿ.ಮೀ. ಆಗಿದ್ದರೆ ಶೇ. 30 ಅಂದರೆ 16.5 ಮಿ.ಮೀ.

ಹೊಸಸವಾರ:
ನಡುವೆ ಬಂದೆ, ಕ್ಷಮಿಸಿ. ವೇಗದ ಮಿತಿ ತೆಗೆಯುವ ಚಿಪ್ ಸಿಗುತ್ತದಲ್ಲ, ಅದು ಒಳ್ಳೆಯ ಅಪ್‌ಗ್ರೇಡ್ ಅಲ್ವಾ?

ಲೆಕ್ಕದಮೇಷ್ಟ್ರು:
ಅಲ್ಲ. ಯುರೋಪಿನ ನಿಯಮದಲ್ಲಿ ಮೋಟಾರು ಗಂಟೆಗೆ 25 ಕಿ.ಮೀ.ಗೆ ನಿಲ್ಲಬೇಕು, ನಿರಂತರ ಶಕ್ತಿ 250 ವ್ಯಾಟ್ ಮೀರಬಾರದು. ಮೀರಿದರೆ ಅದು ಸೈಕಲ್ ಅಲ್ಲ, ಮೋಟಾರು ವಾಹನ. ವಾರಂಟಿ ಹೋಗುತ್ತದೆ. ಅಪಘಾತ ಆದರೆ ವಿಮೆ ಕೈಬಿಡಬಹುದು. ಕಾಡುದಾರಿಯಲ್ಲಿ ನಡೆದು ಹೋಗುವವರೂ ಇರುತ್ತಾರೆ. ಒಬ್ಬರು ಹೀಗೆ ಮಾಡಿದರೆ ದಾರಿ ಎಲ್ಲರಿಗೂ ಮುಚ್ಚುತ್ತದೆ.

ಏರುದಾರಿ:
ಈಗಷ್ಟೇ ಅಳೆದು ಬಂದೆ. ಉಂಗುರ 11 ಮಿ.ಮೀ. ಸರಿದಿದೆ. ಶಾಕಿನ ಓಟ 55. ಅಂದರೆ ಶೇ. 20! ಅಂಗಡಿಯಲ್ಲಿ ಹಾಕಿದ್ದು ತುಂಬಾ ಗಟ್ಟಿ. ಅದಕ್ಕೇ ಬೇರಿನ ಮೇಲೆ ಹತ್ತುವಾಗ ಹಿಂಗಾಲಿ ಕುಣಿಯುತ್ತಿತ್ತು ಅನ್ನಿಸುತ್ತದೆ. ಇನ್ನೊಂದು ಕೇಳಬೇಕಿತ್ತು. ಹತ್ತುವಾಗ ನಾನು ಭಾರದ ಗೇರಿನಲ್ಲಿ ನಿಧಾನಕ್ಕೆ ತುಳಿಯುತ್ತೇನೆ. ನಿಮಿಷಕ್ಕೆ 60 ಸುತ್ತು ಇರಬಹುದು. ಮೋಟಾರು ಸಹಾಯ ಯಾವಾಗಲೂ ಎಲ್ಲಕ್ಕಿಂತ ಮೇಲಿನ ಮೋಡ್‌ನಲ್ಲಿ. ಇದು ತಪ್ಪಾ?

ಮಣ್ಣುಟೈರ್:
ತಪ್ಪು ಅನ್ನೋಕಿಂತ, ಈ ಚಿಕ್ಕ ಮೋಟಾರಿಗೆ ಹೊಂದಲ್ಲ. 85 ನ್ಯೂಟನ್ ಮೀಟರಿನ ದೊಡ್ಡ ಮೋಟಾರು ನಿಧಾನಕ್ಕೆ ತುಳಿದರೂ ಎಳೆದುಕೊಂಡು ಹೋಗುತ್ತದೆ. ಚಿಕ್ಕದಕ್ಕೆ ಸುತ್ತು ಬೇಕು. ಬಾಷ್ ಎಸ್‌ಎಕ್ಸ್ ಮೋಟಾರು ನೋಡಿ. 2023ರಲ್ಲಿ ಬಂದಾಗ ತಿರುಚು ಬಲ 55 ಮಾತ್ರ ಇತ್ತು. ಆದರೆ ಜೋರಾಗಿ ಕಾಲು ತಿರುಗಿಸಿದರೆ 600 ವ್ಯಾಟ್‌ವರೆಗೆ ಕೊಡುತ್ತದೆ. ನಿಧಾನ ತುಳಿದರೆ ಅದು ಸಿಗೋದೇ ಇಲ್ಲ. 80ರ ಮೇಲೆ ತಿರುಗಿಸಿ ನೋಡಿ, ಬೇರೆ ಗಾಡಿ ಅನ್ನಿಸುತ್ತದೆ.

ಆ್ಯಪಿನಲ್ಲಿ ನಡುವಿನ ಮೋಡ್ ಸ್ವಲ್ಪ ಇಳಿಸಿ, ದಿನವೆಲ್ಲಾ ಅದರಲ್ಲೇ ಹೋಗಿ. ಮೇಲಿನದು ಕಡಿದಾದ ಜಾಗಕ್ಕೆ ಮಾತ್ರ. ನನಗೆ ಬ್ಯಾಟರಿ ಜಾಸ್ತಿ ಬಂದದ್ದು ಇದರಿಂದಲೇ.

ಸ್ಪ್ಯಾನರ್‌ಕೈ:
ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಎಷ್ಟು ಉದ್ದ? 170 ಮಿ.ಮೀ. ಇದ್ದರೆ 160 ಹಾಕಿಸಿ. ಸುತ್ತು ಚಿಕ್ಕದಾಗುತ್ತದೆ, ಕಾಲು ಸಲೀಸಾಗಿ ತಿರುಗುತ್ತದೆ. ಕಲ್ಲಿನ ನಡುವೆ ತುಳಿಯುತ್ತಾ ಹತ್ತುವಾಗ ಪೆಡಲ್ ಬಡಿಯೋದು ತಪ್ಪುತ್ತದೆ. ಸೀಟನ್ನು 10 ಮಿ.ಮೀ. ಮೇಲೆತ್ತೋದು ಮರೆಯಬೇಡಿ.

ಹಗುರಗಾಲಿ:
ಇದಕ್ಕೆ ನಾನು ಪೂರ್ತಿ ಒಪ್ಪಲ್ಲ. ಕ್ರ್ಯಾಂಕ್ ಚಿಕ್ಕದಾದರೆ ಅದೇ ತಿರುಚು ಬಲಕ್ಕೆ ಕಾಲು ಶೇ. 6 ಜಾಸ್ತಿ ಒತ್ತಬೇಕು. ಬ್ಯಾಟರಿ ಮುಗಿದ ಮೇಲೆ ಮನೆವರೆಗೆ ಹತ್ತುವಾಗ ಅದು ಮಂಡಿಗೆ ಗೊತ್ತಾಗುತ್ತದೆ.

ಸ್ಪ್ಯಾನರ್‌ಕೈ:
ಅದಕ್ಕೆ ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ) 34 ಹಲ್ಲಿನದ್ದು ತೆಗೆದು 30ರದ್ದು ಹಾಕೋದು. ಗೇರು ಶೇ. 12 ಹಗುರ ಆಗುತ್ತದೆ. ನೀವು ಹೇಳಿದ ಶೇ. 6 ಮುಚ್ಚಿಹೋಗಿ ಇನ್ನೂ ಉಳಿಯುತ್ತದೆ. ಮೋಟಾರಿಗೆ ಹೊಂದುವ ರಿಂಗ್ ಸಿಗುತ್ತದಾ ಅಂತ ಮಾತ್ರ ಮೊದಲು ನೋಡಬೇಕು. ಹಾಗೇ ಚೈನ್ ಅಳತೆಗೋಲು ಒಂದು ಇಟ್ಟುಕೊಳ್ಳಿ. 12 ಗೇರಿನ ಚೈನು ಶೇ. 0.5 ಹಿಗ್ಗಿದ ಕೂಡಲೇ ಬದಲಾಯಿಸಿ. ಇಲ್ಲದಿದ್ದರೆ ಕ್ಯಾಸೆಟ್ಟನ್ನೂ (ಹಿಂಗಾಲಿಯ ಹಲ್ಲುಚಕ್ರಗಳ ಗುಚ್ಛ) ತಿಂದು ಹಾಕುತ್ತದೆ.

ಟೈಟಾನಿಯಂ ಬೋಲ್ಟ್ ಬಗ್ಗೆ ಒಂದೇ ಮಾತು. ಬಾಟಲ್ ಹಿಡಿಕೆಗೆ ಬೇಕಾದರೆ ಹಾಕಿ. ಮೋಟಾರನ್ನು ಫ್ರೇಮಿಗೆ ಹಿಡಿದಿಡುವ ಬೋಲ್ಟನ್ನು ಮುಟ್ಟಲೇಬೇಡಿ.

ಲೆಕ್ಕದಮೇಷ್ಟ್ರು:
ಇಷ್ಟೆಲ್ಲಾ ಮಾಡಿಯೂ ಸಾಲದಿದ್ದರೆ ಬಾಟಲ್ ಜಾಗದಲ್ಲಿ ಕೂರುವ ಹೆಚ್ಚುವರಿ ಬ್ಯಾಟರಿ ಇದೆ. ನಿಮ್ಮಂಥ ಗಾಡಿಗಳಿಗೆ 160 ವ್ಯಾಟ್ ಅವರ್‌ನದ್ದು ಸುಮಾರು ಒಂದು ಕೆ.ಜಿ. ಬರುತ್ತದೆ. ನೀವು ಒಂದು ಕೆ.ಜಿ. ಕಳೆಯೋಕೆ ಹೊರಟಿದ್ದಿರಿ. ಆ ಒಂದು ಕೆ.ಜಿ. ಸೇರಿಸಿದರೆ 160 ಸಿಗುತ್ತದೆ. ಕಳೆದರೆ 2.7.

ಹಗುರಗಾಲಿ:
ಆದರೆ ಅದನ್ನು ದಿನಾ ಹಾಕಿಕೊಂಡು ಓಡಾಡಬೇಡಿ. ಉದ್ದ ಸವಾರಿ ಇದ್ದ ದಿನ ಮಾತ್ರ. ಉಳಿದ ದಿನ ಗಾಡಿ ಹಗುರಾಗಿಯೇ ಇರಲಿ. ಅದು ಹಾಕಿದ ದಿನ ಸ್ಯಾಗ್ ಕೂಡ ಒಮ್ಮೆ ನೋಡಿಕೊಳ್ಳಿ.

ಏರುದಾರಿ:
ಎರಡು ವಾರ ಆಯಿತು. ಏನೇನು ಮಾಡಿದೆ ಅಂತ ಹೇಳಲೇಬೇಕು. ಗಾಳಿ ಮುಂದೆ 22, ಹಿಂದೆ 25. ಸ್ಯಾಗ್ ಈಗ 16 ಮಿ.ಮೀ. ಹಿಂದೆ ದಪ್ಪ ಗೋಡೆಯ ಟೈರು. 160ರ ಕ್ರ್ಯಾಂಕು, 30ರ ರಿಂಗು. ಡಿಸ್ಕ್ ಹಾಗೇ ಇದೆ. ಕಾರ್ಬನ್ ರಿಮ್ ಸದ್ಯಕ್ಕೆ ಬಿಟ್ಟೆ. ಹ್ಯಾಂಡಲ್‌ಬಾರ್ ಮಾತ್ರ ಕಾರ್ಬನ್ ಹಾಕಿಸಿದೆ. ಹಗುರಗಾಲಿ ಅವರು ಹೇಳಿದ ಹಾಗೆ ಮುಂಗಾಲಿ ಎತ್ತುವಾಗ ಗೊತ್ತಾಗುತ್ತದೆ. ಗಾಡಿ ಈಗ 18.6 ಕೆ.ಜಿ.

ಭಾನುವಾರ ಅದೇ ದಾರಿಗೆ ಹೋಗಿದ್ದೆ. ನಡುವಿನ ಮೋಡ್, ಕಾಲು 80ರ ಹತ್ತಿರ. ಮೊದಲ ಏರಿನಲ್ಲಿ ಉಸಿರು ಬಿಡೋಕೆ ಆಗಲಿಲ್ಲ, ಅಷ್ಟು ಜೋರಾಗಿ ತಿರುಗಿಸುತ್ತಿದ್ದೆ. ಎರಡನೇದರಲ್ಲಿ ಲಯ ಸಿಕ್ಕಿತು. ಮೂರನೇ ಏರು ಹತ್ತಿ ತುದಿಯಲ್ಲಿ ನಿಂತು ಪರದೆ ನೋಡಿದರೆ ಬ್ಯಾಟರಿ ಇನ್ನೂ ಶೇ. 19 ಇತ್ತು. ನಂಬೋಕೆ ಆಗದೆ ಎರಡು ಸಲ ನೋಡಿದೆ.

ಇಳಿಯುವಾಗ ಒಂದು ಸಂಶಯ ಬಂತು. ತುಳಿಯದೆ ಕಲ್ಲಿನ ಮೇಲೆ ಹೋಗುವಾಗ ಮೋಟಾರಿನ ಹತ್ತಿರ ಟಕ್ ಟಕ್ ಅನ್ನುತ್ತದೆ. ಮೊದಲು ಇರಲಿಲ್ಲ.

ಸ್ಪ್ಯಾನರ್‌ಕೈ:
ತುಂಬಾ ಖುಷಿ ಆಯಿತು ಓದಿ! ಕೆಲವು ಮೋಟಾರುಗಳಲ್ಲಿ ತುಳಿಯದೆ ಇರುವಾಗ ಒಳಗಿನ ಹಲ್ಲುಚಕ್ರ ಸಡಿಲಾಗಿ ಸದ್ದು ಬರೋದು ಸಹಜ. ಆದರೆ ನಿಮ್ಮದು ಹೊಸದಾಗಿ ಶುರುವಾಗಿದೆ, ಕ್ರ್ಯಾಂಕ್ ಬಿಚ್ಚಿ ಹಾಕಿದ ಮೇಲೆ. ಮೊದಲು ಗಾಡಿ ನಿಲ್ಲಿಸಿ ಎರಡೂ ಕ್ರ್ಯಾಂಕ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಅಲುಗಾಡಿದರೆ ಬೋಲ್ಟ್ ಸಡಿಲ, ಓಡಿಸಲೇಬೇಡಿ. ಅಲುಗಾಡದಿದ್ದರೆ ಚೈನ್‌ರಿಂಗನ್ನು ಬಿಗಿದಿಡುವ ಲಾಕ್‌ರಿಂಗ್ ನೋಡಿ. ಟಾರ್ಕ್ ವ್ರೆಂಚಿನಿಂದ ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿ, ನಾಳೆ ಹೇಳಿ.