ಕೆಸರಂಚಿನ ಕಂದು ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ, ಬೇರ್ಪಡಿಸುವುದು ಹೇಗೆ?

ಜೌಗುದಾರಿ ಕೇಳಿದ್ದು:
ಬಾತು, ಕೊಕ್ಕರೆ, ಮೆಟ್ಟುಗಾಲು ಹಕ್ಕಿಗಳವರೆಗೆ ತೊಂದರೆಯಿಲ್ಲ. ಗೊಂದಲವಾಗುವುದು ನೀರಿನಂಚಿನ ಗದ್ದೆಗೊರವಗಳಲ್ಲಿ. ಕಾಮನ್, ಗ್ರೀನ್, ವುಡ್ ಸ್ಯಾಂಡ್‌ಪೈಪರ್ ಮೂರೂ 60–70 ಮೀಟರ್ ದೂರದಿಂದ ಒಂದೇ ಕಂದು ಬಣ್ಣ. ಹತ್ತಿರ ಹೋದರೆ ಹಾರಿಬಿಡುತ್ತವೆ. ನನ್ನ ಬಳಿ ಇರುವುದು 8×42 ಬೈನಾಕ್ಯುಲರ್, ಹೋಗುವುದು ಬೆಳಿಗ್ಗೆ 9ರ ನಂತರ. ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಒಂದು ಕಣ್ಣಲ್ಲಿ ನೋಡುವ ದುರ್ಬೀನು) ಕೊಂಡರೆ ಸರಿಹೋಗುತ್ತದೆಯೇ?

ಕೆಸರುಕೊಕ್ಕು:
ಸ್ಕೋಪ್ ಆಮೇಲೆ ನೋಡೋಣ, ಮೊದಲು ಹೊತ್ತು ಬದಲಿಸಿ. ಬಿಸಿಲೇರಿದಂತೆ ಕಾದ ಕೆಸರಿನ ಮೇಲೆ ಗಾಳಿ ಅಲೆಯಲೆಯಾಗಿ ನಡುಗುತ್ತದೆ. ಸ್ಕೋಪ್ ಹಕ್ಕಿಯ ಜೊತೆಗೆ ಆ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಒಳ್ಳೆಯದು. ಆಗ ನೀರಿನ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬೆಳಕು ಬೆನ್ನ ಹಿಂದಿದ್ದರೆ ಬೆನ್ನಿನ ಚುಕ್ಕೆ, ಹುಬ್ಬಿನ ಗೆರೆ ಎಲ್ಲ ಕಾಣುತ್ತದೆ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು ನೆರಳೇ.

ಬೈನಾಕ್ಯುಲರ್ ನಿಮ್ಮ ಕಣ್ಣಿಗೆ ಹೊಂದಿದೆಯೇ ಎಂದೂ ಒಮ್ಮೆ ನೋಡಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಬಳಿಕ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಡಯಾಪ್ಟರ್ ಉಂಗುರ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟಗೊಳಿಸಿ. ಇದನ್ನು ಮಾಡದಿದ್ದರೆ ಒಂದು ಕಣ್ಣಿನ ಚಿತ್ರ ಸದಾ ಮಸುಕಾಗಿಯೇ ಉಳಿಯಬಹುದು.

ಈಗ ಹಕ್ಕಿಗಳು. ಕಾಮನ್ ಸುಲಭ: ಹಿಂಭಾಗವನ್ನು ಬಿಡದೆ ಮೇಲೆ ಕೆಳಗೆ ಕುಣಿಸುತ್ತಲೇ ಇರುತ್ತದೆ. ಉಳಿದೆರಡೂ ಕುಣಿಸುತ್ತವೆ, ಆದರೆ ಆಗಾಗ ಮಾತ್ರ. ಕಾಮನ್‌ನಲ್ಲಿ ಎದೆಯ ಪಕ್ಕದ ಕಂದು ಮಚ್ಚೆಗೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳುಪು ಗೂಟದಂತೆ ಭುಜದ ಕಡೆ ಏರಿರುತ್ತದೆ. ಇದೊಂದು ಕಂಡರೆ ಬೇರೇನೂ ಬೇಡ.

ವುಡ್ ಹಕ್ಕಿಯ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಉದ್ದವಾಗಿ ಹೋಗುತ್ತದೆ, ಬೆನ್ನ ತುಂಬ ದಪ್ಪ ತಿಳಿ ಚುಕ್ಕೆ, ಕಾಲು ಹಳದಿ ಛಾಯೆಯವು. ಗ್ರೀನ್ ಹೆಚ್ಚು ಕಪ್ಪು, ಚುಕ್ಕೆ ಸಣ್ಣ, ಹುಬ್ಬಿನ ಬಿಳುಪು ಕಣ್ಣಿನ ಮುಂದಷ್ಟೇ. ಕಾಲಿನ ಬಣ್ಣವೊಂದನ್ನೇ ನಂಬಬೇಡಿ. ಕೆಸರು ಮೆತ್ತಿದ ಹಳದಿ ಕಾಲು ದೂರಕ್ಕೆ ಹಸಿರುಗಪ್ಪಾಗಿಯೇ ಕಾಣುತ್ತದೆ.

ತೇವನೆಲ:
ಮೇಲಿನದಕ್ಕೆ ಒಂದು ಸೇರಿಕೆ. ಹಾರಿದಾಗ ಬಾಲದ ಬುಡದಲ್ಲಿ ಬಿಳಿ ಕಂಡ ಕೂಡಲೇ ಹಲವರು 'ಗ್ರೀನ್' ಎಂದು ಬರೆದುಬಿಡುತ್ತಾರೆ. ಆ ಬಿಳುಪು ವುಡ್‌ನಲ್ಲೂ ಇದೆ. ನೋಡಬೇಕಾದ್ದು ರೆಕ್ಕೆಯ ಅಡಿಭಾಗ: ಗ್ರೀನ್‌ನಲ್ಲಿ ಕಪ್ಪು, ವುಡ್‌ನಲ್ಲಿ ತಿಳಿ. ಕಾಮನ್ ಆದರೆ ಬಾಲದ ಬುಡ ಕಂದು, ರೆಕ್ಕೆಯ ಮೇಲೆ ಬಿಳಿ ಪಟ್ಟಿ. ಅದು ನೀರಿಗೆ ಒತ್ತಿಕೊಂಡಂತೆ ತಗ್ಗಿನಲ್ಲಿ ರೆಕ್ಕೆ ಅದುರಿಸುತ್ತ, ನಡುನಡುವೆ ತೇಲುತ್ತ ಹೋಗುತ್ತದೆ. ಏಳುವಾಗಿನ ಕೂಗನ್ನೂ ಕೇಳಿಸಿಕೊಳ್ಳಿ: ವುಡ್ ಒಣ ದನಿಯಲ್ಲಿ 'ಚಿಫ್-ಇಫ್-ಇಫ್', ಗ್ರೀನ್ ಜೋರಾಗಿ, ಇಂಪಾಗಿ 'ಟ್ಲೂಯಿಟ್-ವೀಟ್-ವೀಟ್'.

ಹಾಗಂತ ರೆಕ್ಕೆ ನೋಡಲು ಹಕ್ಕಿಯನ್ನು ಎಬ್ಬಿಸಬೇಡಿ. ದೂರದ ವಲಸೆಗೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ಹೊತ್ತಿನಲ್ಲಿ ಒಂದೊಂದು ಹಾರಾಟವೂ ಅವಕ್ಕೆ ನಷ್ಟ.

ಜೌಗುದಾರಿ:
ಬಹಳ ಉಪಕಾರವಾಯಿತು. ಎಬ್ಬಿಸದೆ ಹತ್ತಿರ ಹೋಗುವುದು ಹೇಗೆ?

ಕೆಸರುಕೊಕ್ಕು:
ನೀವು ಹೋಗಬೇಡಿ, ಅವೇ ಬರಲಿ. ಏರಿಯ ನೆತ್ತಿಯ ಮೇಲೆ ನಿಂತರೆ ಆಕಾಶದ ಹಿನ್ನೆಲೆಯಲ್ಲಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ಅದಕ್ಕೇ ಹಾರುವುದು. ಏರಿಯ ಹೊರಮಗ್ಗುಲಲ್ಲಿ ನಡೆದು, ಪೊದೆಯನ್ನು ಬೆನ್ನಿಗೆ ಮಾಡಿಕೊಂಡು ಕುಳಿತುಬಿಡಿ. ಜಾಗ ಆರಿಸುವಾಗ ನೀರಿನ ಆಳ ನೋಡಿ: ಈ ಹಕ್ಕಿಗಳ ಕಾಲು ಚಿಕ್ಕವು, ಕೆಲವೇ ಸೆಂಟಿಮೀಟರ್ ನೀರು ಅಥವಾ ಈಗಷ್ಟೇ ನೀರಿಳಿದ ಹಸಿ ಕೆಸರಿದ್ದಲ್ಲೇ ಮೇಯುತ್ತವೆ. ಅಂಥ ಅಂಚಿನೆದುರು ಅರ್ಧ ಗಂಟೆ ಅಲುಗದೆ ಕುಳಿತರೆ ಮೇಯುತ್ತ ಮೇಯುತ್ತ ಸಾಮಾನ್ಯವಾಗಿ ಹತ್ತಿರ ಬರುತ್ತವೆ. ಕೊಕ್ಕು ಆಡಿಸುವುದು ನಿಲ್ಲಿಸಿ ಕತ್ತು ನೀಳ ಮಾಡಿತೆಂದರೆ ನಿಮ್ಮನ್ನು ಗಮನಿಸಿದೆ ಎಂದರ್ಥ. ಆಗ ಬೈನಾಕ್ಯುಲರ್ ಎತ್ತುವ ಕೈಯನ್ನೂ ಅರ್ಧದಲ್ಲೇ ನಿಲ್ಲಿಸಿ. ಟಿಟ್ಟಿಭ ಇರುವ ಕಡೆ ಅದರಿಂದ ಇನ್ನೂ ದೂರ ಇರಿ, ಅದು ಕಿರುಚಿದರೆ ಇಡೀ ದಂಡೆ ಖಾಲಿ.

ತೇವನೆಲ:
ಮುಂದೆ ಸ್ಕೋಪ್ ಕೊಳ್ಳುವುದಾದರೆ 20–60 ಜೂಮ್ ಇದ್ದರೂ ಹೆಚ್ಚಿನ ಹೊತ್ತು 20ರಿಂದ 30ರಲ್ಲೇ ಇಡಿ. 60ಕ್ಕೆ ತಿರುಗಿಸಿದರೆ ಚಿತ್ರ ಮಂಕಾಗುತ್ತದೆ, ಹಕ್ಕಿ ಎರಡು ಹೆಜ್ಜೆ ಇಟ್ಟರೆ ಚೌಕಟ್ಟಿನಿಂದ ಆಚೆ. ಟ್ರೈಪಾಡ್ ಹಗುರವಾಗಿದ್ದರೆ ಗಾಳಿಗೆ ನಡುಗುತ್ತದೆ, ನಡುಗಂಬ ಮೇಲೆತ್ತದೆ ಬಳಸಿ.

ಎಲ್ಲ ಮಾಡಿಯೂ ಗ್ರೀನೋ ವುಡ್ಡೋ ತೀರ್ಮಾನವಾಗದಿದ್ದರೆ ಪಟ್ಟಿಯಲ್ಲಿ 'ಗ್ರೀನ್ ಅಥವಾ ವುಡ್, 1' ಎಂದೇ ಬರೆಯಿರಿ. ಕಂಡ ಗುರುತನ್ನೂ ಕಾಣದ ಗುರುತನ್ನೂ ಪಕ್ಕದಲ್ಲಿ ಹಾಕಿ: 'ಹುಬ್ಬು ಕಾಣಲಿಲ್ಲ, ಬಾಲದ ಬುಡ ಬಿಳಿ, ಕೂಗಲಿಲ್ಲ'.