ಬಾತುಕೋಳಿ ಹಿಕ್ಕೆ ಚಹಾ ಕಹಿ ಬರ್ತಿದೆ, ತಪ್ಪು ನಂದಾ ಚಹಾದ್ದಾ?

ಮಗ್_ಮನುಷ್ಯ:
ಚೀನಾದ ಶೆನ್‌ಜೆನ್‌ಗೆ ಕೆಲಸಕ್ಕೆ ಬಂದು ಎರಡು ವರ್ಷ ಆಯ್ತು. ನಮ್ಮ ಟೀಮಲ್ಲಿ ಚಾವೊಝೌ ಕಡೆಯವನು ಒಬ್ಬ ಇದಾನೆ, ಅವನ ಟೇಬಲ್ ಮೇಲೆ ಲ್ಯಾಪ್‌ಟಾಪ್‌ಗಿಂತ ಚಹಾ ತಟ್ಟೆಗೇ ಜಾಸ್ತಿ ಜಾಗ. ಹೋದ ತಿಂಗಳು ಕೂರಿಸ್ಕೊಂಡು ಹೆಬ್ಬೆರಳಷ್ಟು ಕಪ್ಪಲ್ಲಿ ಏನೋ ಕೊಟ್ಟ, ಕುಡಿದ ಮೇಲೆ ಖಾಲಿ ಕಪ್ ಮೂಸಿದ್ರೂ ಹೂವಿನ ವಾಸನೆ, ಅರ್ಧ ಗಂಟೆ ಆದ್ರೂ ಗಂಟಲಲ್ಲಿ ಸಿಹಿ. ಹೆಸರೇನಪ್ಪಾ ಅಂದ್ರೆ "ಯಾ ಶಿ ಶ್ಯಾಂಗ್" ಅಂದ, ಅರ್ಥ ಕೇಳಿದ್ರೆ ಬಾತುಕೋಳಿ ಹಿಕ್ಕೆ ಪರಿಮಳ ಅಂತೆ!! ಸರಿ ಅಂತ ಒಂದು ಅಂಗಡಿಗೆ ಹೋಗಿ 250 ಗ್ರಾಂಗೆ 280 ಯುವಾನ್ ಕೊಟ್ಟು ತಂದೆ, ಪ್ಯಾಕೆಟ್ ಮೇಲೆ ದೊಡ್ಡದಾಗಿ "ವುದೋಂಗ್ ಎತ್ತರದ ಬೆಟ್ಟ" ಅಂತ ಬರೆದಿದೆ. ಮನೇಲಿ ಮಗ್‌ಗೆ ಎರಡು ಚಮಚ ಹಾಕಿ ಐದು ನಿಮಿಷ ಬಿಟ್ಟು ಕುಡಿದ್ರೆ ಕಷಾಯ ಕಣ್ರಿ, ನಾಲಿಗೆ ಒಣಗಿ ಹೋಯ್ತು. ಅವನನ್ನೇ ಕೇಳೋಣ ಅಂದ್ರೆ ಎಲೆ ಕೀಳೋ ಟೈಮು ಅಂತ ರಜೆ ಹಾಕಿ ಊರಿಗೆ ಹೋಗಿದಾನೆ. ನನಗೆ ಟೋಪಿ ಹಾಕಿದ್ರಾ? ಆ ಹೂವಿನ ವಾಸನೆ ಎಸೆನ್ಸ್ ಏನಾದ್ರೂನಾ?

ಹಸಿರೆಲೆ:
ಎತ್ತರದ ಬೆಟ್ಟದ ಊಲಾಂಗ್ (ಗ್ರೀನ್ ಟೀಗೂ ನಮ್ಮ ಕಪ್ಪು ಚಹಾಗೂ ನಡುವಿನ ಥರದ್ದು) ಅಂದ್ರೆ ತೈವಾನ್‌ದು ಅಲ್ವಾ, ಅಲಿಶಾನ್, ಲಿಶಾನ್ ಎಲ್ಲ? ಅದನ್ನ ನಾನು ಮಗ್‌ನಲ್ಲೇ ಮಾಡ್ತೀನಿ, ಕಹಿ ಬರಲ್ಲ. ನಿಮ್ಮದು ಡೂಪ್ಲಿಕೇಟ್ ಇರ್ಬೇಕು.

ಗೈವಾನ್_ಗೌಡ:
@ಹಸಿರೆಲೆ ಅದು ಬೇರೆ ಇದು ಬೇರೆ ಗುರು. ನೀವು ಹೇಳೋದು ಗುಂಡುಗುಂಡಾಗಿ ಉರುಟಿರೋ ಹಸಿರು ಊಲಾಂಗ್, ಅದಕ್ಕೆ ಹುರಿತ ಕಮ್ಮಿ. ಇವರು ತಂದಿರೋದು ಗ್ವಾಂಗ್‌ಡಾಂಗ್ ಪ್ರಾಂತ್ಯದ ಫೆಂಗ್‌ಹುವಾಂಗ್ ಡಾನ್‌ತ್ಸೋಂಗ್ ಅನ್ನೋ ಊಲಾಂಗ್, ಎಲೆ ಉದ್ದಕ್ಕೆ ಹುರಿಯಂಗೆ ತಿರುಚಿರುತ್ತೆ, ಕಪ್ಪು ಕಂದು ಬಣ್ಣ.

@ಮಗ್_ಮನುಷ್ಯ ಎಸೆನ್ಸ್ ಅಲ್ಲ. ನಕಲಿಗೆ ಸೆಂಟ್ ಹೊಡೆಯೋರು ಇರಬಹುದು, ಆದ್ರೆ ಒಳ್ಳೇದಕ್ಕೆ ಹೊರಗಿಂದ ಏನೂ ಹಾಕಲ್ಲ. ಸಂಜೆ ಬಿಸಿಲಲ್ಲಿ ಎಲೆ ಬಾಡಿಸಿ, ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಬಿದಿರು ತಟ್ಟೆಯಲ್ಲಿ ಕುಲುಕಿ ಕುಲುಕಿ ಎಲೆಯ ಅಂಚು ಮಾತ್ರ ಜಜ್ಜೋ ಹಾಗೆ ಮಾಡ್ತಾರೆ, ಅಂಚು ಕೆಂಪಾಗ್ತಾ ಬರುತ್ತೆ, ಹಸಿ ಹುಲ್ಲಿನ ವಾಸನೆ ಹೋಗಿ ಹೂವಿನ ವಾಸನೆ ಏಳುತ್ತೆ, ಏಳ್ತಿದ್ದ ಹಾಗೇ ಬಿಸಿ ಬಾಣಲೆಗೆ ಹಾಕಿ ಅಲ್ಲಿಗೇ ನಿಲ್ಲಿಸ್ತಾರೆ. ಒಂದು ಗಂಟೆ ಆಚೆ ಈಚೆ ಆದ್ರೆ ಇಡೀ ದಿನ ಕಿತ್ತಿದ್ದು ಹಾಳು. ನಿದ್ದೆಗೆಟ್ಟು ಮಾಡೋ ಕೆಲಸ, ನಿಮ್ಮ ಗೆಳೆಯ ರಜೆ ಹಾಕಿದ್ದು ಸುಮ್ಮನೆ ಅಲ್ಲ. ಡಾನ್‌ತ್ಸೋಂಗ್ ಅಂದ್ರೆ ಒಂಟಿ ಗಿಡ. ಹಿಂದೆ ಒಂದೊಂದು ಮರದ ಎಲೇನೂ ಬೇರೆ ಬೇರೆ ಕಿತ್ತು ಬೇರೆ ಬೇರೆ ಮಾಡ್ತಿದ್ರು, ಮರಕ್ಕೊಂದು ವಾಸನೆ, ವಾಸನೆಗೊಂದು ಹೆಸರು: ಮಿ ಲಾನ್ ಶ್ಯಾಂಗ್ ಅಂದ್ರೆ ಜೇನು ಆರ್ಕಿಡ್, ಶಿಂಗ್ ರೆನ್ ಶ್ಯಾಂಗ್ ಅಂದ್ರೆ ಬಾದಾಮಿ, ಹೀಗೆ. ನಿಮ್ಮ ಯಾ ಶಿ ಶ್ಯಾಂಗ್ ಕೂಡ ಅಂಥದ್ದೇ ಒಂದು. ಈಗ ಜಾಸ್ತಿ ಕಸಿ ಕಟ್ಟಿ ಬೆಳೆಸಿದ್ದೇ, ಅದು ಮೋಸ ಅಲ್ಲ.

ಕಹಿಗೆ ಕಾರಣ ಮುಕ್ಕಾಲು ಪಾಲು ನಿಮ್ಮ ಮಗ್. ಈ ಎಲೆ ಐದು ನಿಮಿಷ ನೆನೆಯೋಕೆ ಹುಟ್ಟಿದ್ದೇ ಅಲ್ಲ.

ಬೆಟ್ಟ_ಹತ್ತಿದವ:
ಮಗ್ ತಪ್ಪು ಅನ್ನೋದು ಖರೆ, ಆದ್ರ ಪ್ಯಾಕೆಟ್ ಮ್ಯಾಲಿಂದು ಪೂರಾ ನಂಬಬ್ಯಾಡ್ರಿ. ನಾ ಎರಡು ಸಲ ಹೋಗಿ ಬಂದೇನಿ. ಚಾವೊಝೌ ಊರಿಂದ ಉತ್ತರಕ್ಕ ಫೆಂಗ್‌ಹುವಾಂಗ್ ಪಟ್ಟಣ, ಅಲ್ಲಿಂದ ಮ್ಯಾಲ ವುದೋಂಗ್ ಬೆಟ್ಟ, ಸುಮಾರು 1390 ಮೀಟರ್ ಐತಿ, ತುದಿಗೆ ತಿಯಾನ್‌ಚಿ ಅಂತ ಕೆರಿ. ಲಿಜೈಪಿಂಗ್, ದಾಆನ್ ಅಂಥ ಹಳ್ಳ್ಯಾಗ ನೂರಾರು ವರ್ಷದ ಮರ ಅದಾವ, ಗಿಡ ಅಲ್ರೀ ಮರ, ಏಣಿ ಹಚ್ಚಿ ಹತ್ತಿ ಕೀಳ್ತಾರ, ಕಾಂಡದ ಮ್ಯಾಲೆಲ್ಲ ಬಿಳಿ ಪಾಚಿ. ಮಂಜು, ತಂಪು, ಚಿಗುರು ನಿಧಾನ, ಹಿಂಗಾಗಿ ಒಗರು ಕಮ್ಮಿ ಆಗಿ ಆ ಗಂಟಲಿನ ಸಿಹಿ ಉಳೀತದ. ಆ ಹಳೇ ಮರದ್ದು ವರ್ಷಕ್ಕ ಒಂದೇ ಸಲ, ವಸಂತದಾಗ ಕೀಳೋದು. ಈಗ ನೀವ ಲೆಕ್ಕ ಹಾಕ್ರಿ, ಒಂದು ಬೆಟ್ಟದ ತುದಿ ಚೀನಾದ ಎಲ್ಲಾ ಅಂಗಡಿಗೂ ಹೆಂಗ ಸಾಕಾಗ್ತದ? ಮ್ಯಾಲಿನ ಹಳೇ ಮರದ್ದು ಜಿನ್‌ಗೆ, ಅಂದ್ರ ಅರ್ಧ ಕಿಲೋಕ್ಕ, ಸಾವಿರಗಟ್ಟಲೆ ಯುವಾನ್. 280ಕ್ಕ ಸಿಕ್ಕದ್ದು ಕೆಳಗಿನ ತೋಟದ್ದು ಅಂತ ತಿಳ್ಕೋರಿ. ಕೆಟ್ಟದ್ದಲ್ಲ, ಒಗರು ಜಾಸ್ತಿ, ಅಷ್ಟ.

ಇನ್ನೊಂದು, ಯಾ ಶಿ ಶ್ಯಾಂಗ್ ಮೂಲ ಮರ ವುದೋಂಗ್ ತುದಿದಲ್ಲ, ಪಿಂಗ್‌ಕೆಂಗ್‌ತೋ ಅಂತ ಬ್ಯಾರೆ ಹಳ್ಳಿದು. ಹೆಸರಿನ ಕಥಿ ಏನಂದ್ರ, ಇಷ್ಟು ಚಲೋ ಗಿಡ ಯಾವುದೋ ಅಂತ ಊರವರು ಗಂಟು ಬಿದ್ರಂತ, ಕದ್ದು ಟೊಂಗಿ ಒಯ್ದು ಕಸಿ ಕಟ್ಟತಾರ ಅಂತ ಹೆದರಿ ಮಾಲಕ "ಏ ಇದು ಬಾತುಕೋಳಿ ಹಿಕ್ಕೆ" ಅಂದ್ನಂತ. ಅಲ್ಲಿ ಹಳದಿ ಮಣ್ಣಿಗೂ ಹಂಗ ಅಂತಾರ. ಕದಿಯೋದು ನಿಲ್ಲಲಿಲ್ಲ, ಹೆಸರು ಉಳೀತು. 2014ರಾಗ ಯಿನ್ ಹುವಾ ಶ್ಯಾಂಗ್, ಅಂದ್ರ ಬೆಳ್ಳಿ ಹೂವಿನ ಪರಿಮಳ, ಅಂತ ಮರ್ಯಾದಿ ಹೆಸರು ಇಟ್ರು, ಯಾರ ಕರೀತಾರ್ರೀ ಹಂಗ, ಹಿಕ್ಕೆ ಅಂದ್ರನ ಮಾರಾಟ.

ಗೈವಾನ್_ಗೌಡ:
ಹಾಂ, ಎತ್ತರದ ವಿಷಯ ಒಪ್ಕೋತೀನಿ. ಮಾಡೋ ವಿಧಾನ ಹೇಳ್ತೀನಿ ನೋಡಿ: 100 ಎಂಎಲ್ ಗೈವಾನ್ (ಮುಚ್ಚಳದ ಬಟ್ಟಲು) ತಗೊಳ್ಳಿ, 7 ಗ್ರಾಂ ಎಲೆ, ಹೌದು ಬಟ್ಟಲು ತುಂಬಾನೇ ಎಲೆ ಕಾಣ್ಸುತ್ತೆ ಹೆದರಬೇಡಿ. ನೀರು ಕುದಿ ಕುದಿ ಇರ್ಬೇಕು. ಮೊದಲನೇದು ಚೆಲ್ಲಿ, ಆಮೇಲಿಂದು ಸುರಿದ ತಕ್ಷಣ ಬಗ್ಗಿಸೋದೇ, ಐದು ಸೆಕೆಂಡ್ ಕೂಡ ಜಾಸ್ತಿ. ಆರನೇ ಏಳನೇ ಸಲಕ್ಕೆ ಸ್ವಲ್ಪ ಹೊತ್ತು ಬಿಡಿ. ಚಾವೊಝೌನವರು ಮೂರೇ ಕಪ್ ಇಟ್ಟು ಸುತ್ತ ಸುತ್ತ ಸುರೀತಾರೆ, ಅದಕ್ಕೆ ಗುವಾನ್ ಗಾಂಗ್ ಊರು ಸುತ್ತೋದು ಅಂತ ಹೆಸರು, ಕೊನೇ ಹನಿಗಳನ್ನ ಒಂದೊಂದು ಕಪ್ಪಿಗೂ ತೊಟ್ಟಿಕ್ಕಿಸೋದಕ್ಕೆ ಹಾನ್ ಶಿನ್ ಸೈನಿಕರನ್ನ ಎಣಿಸೋದು ಅಂತ (ಇಬ್ರೂ ಚೀನಾದ ಹಳೇ ಕಾಲದ ಸೇನಾಪತಿಗಳು). ಆ ಕೊನೇ ಹನಿ ಬಟ್ಟಲಲ್ಲೇ ಬಿಟ್ರೆ ಮುಂದಿನ ಸುತ್ತು ಕಹಿ, ನೆನಪಿರ್ಲಿ.

ಮಗ್_ಮನುಷ್ಯ:
ಅಪ್‌ಡೇಟ್: ಗೈವಾನ್ ತಂದೆ, ಮೊದಲ ದಿನ ಬೆರಳು ಸುಟ್ಕೊಂಡೆ, ಅಂಚು ಅಷ್ಟು ಬಿಸಿ ಇರುತ್ತೆ ಅಂತ ಯಾರೂ ಹೇಳ್ಲಿಲ್ಲ ನೀವು 😅 ಎರಡನೇ ದಿನ ಸರಿ ಹೋಯ್ತು. ಅದೇ ಪ್ಯಾಕೆಟ್, ಅದೇ ಎಲೆ, ಮೂರನೇ ಸುತ್ತಲ್ಲಿ ಆ ಹೂವಿನ ವಾಸನೆ ಬಂತು!! ಐದನೇದಕ್ಕೆ ಒಗರು ತಲೆ ಎತ್ತಿತು, ಗೆಳೆಯ ಮಾಡಿದ್ದು ಹತ್ತು ಸುತ್ತಾದ್ರೂ ಹಾಗಿರ್ಲಿಲ್ಲ, ಸೋ ಕೆಳಗಿನ ತೋಟದ್ದೇ ಅಂತ ಒಪ್ಕೊಂಡೆ. ಕುಡಿದಾದ್ಮೇಲೆ ಎಲೆ ಬಿಡಿಸಿ ನೋಡಿದೆ, ಮಧ್ಯ ಹಸಿರು, ಸುತ್ತ ಅಂಚು ಕೆಂಪು, ನೀವು ಹೇಳಿದ ಹಾಗೇ. ಗೆಳೆಯಂಗೆ ಫೋಟೋ ಕಳಿಸಿದೆ, ಹೊಸ ಮಾಲು ತರ್ತೀನಿ ಅಂದ. ಮೇ ಡೇ ರಜೇಲಿ ನಾನೇ ಬೆಟ್ಟಕ್ಕೆ ಹೋಗ್ಲಾ?

ಬೆಟ್ಟ_ಹತ್ತಿದವ:
ಮೇ ಡೇ ವಾರ ಬ್ಯಾಡ, ಆ ಸುತ್ತು ರಸ್ತೆದಾಗ ಗಾಡಿ ಮುಂದ ಹೋಗೂದಿಲ್ಲ. ಹೊಸ ಮಾಲು ಬಂದ ಕೂಡಲೆ ಕುಡೀಬ್ಯಾಡ್ರಿ, ಕೊನೀಗೆ ಇದ್ದಿಲ ಮ್ಯಾಲ ಹುರಿದಿರ್ತಾರ, ಆ ಬಿಸಿ ಇನ್ನೂ ಎಲ್ಯಾಗ ಇರ್ತದ, ಡಬ್ಬ್ಯಾಗ ಹಾಕಿ ಎರಡು ಮೂರು ತಿಂಗಳು ಮರ್ತಬಿಡ್ರಿ.

ಮಗ್_ಮನುಷ್ಯ:
ಮರೆಯೋದಾ, ಗೆಳೆಯ ಪಕ್ಕದ ಸೀಟಲ್ಲೇ ಕೂತಿರ್ತಾನಲ್ಲ ಮಾರಾಯ್ರೆ.